ಮೈಮರೆತವರ ಕಾವಲು

ಸನ್ನತಿಯಲ್ಲಿ ಸಿಕ್ಕ ಅಶೋಕನ ಶಾಸನದ ಕಲ್ಲಿನ ನಡುವೆ ಒಂದು ತೂತಿದೆ. ಭೀಮಾ ದಂಡೆಯ ಚಂದ್ರಲಾಂಬಾ ಗುಡಿಯ ಆವರಣದಲ್ಲಿರುವ ಕಾಳಿಯ ಗುಡಿಯಲ್ಲಿ ಆ ಕಲ್ಲು ಎಷ್ಟೋ ಕಾಲ ದೇವಿಯ ಪೀಠವಾಗಿತ್ತು. ಮೂರ್ತಿ ನಿಲ್ಲಿಸಲು ಯಾರೋ ನಡುವೆ ಕೊರೆದರು, ಅಷ್ಟು ಅಕ್ಷರಗಳು ಹೋದವು. 1980ರ ದಶಕದಲ್ಲಿ ಗುಡಿಯ ಮಾಳಿಗೆ ಕುಸಿದು, ಆಮೇಲಿನ ದುರಸ್ತಿಯ ಹೊತ್ತಿನಲ್ಲಿ ಬ್ರಾಹ್ಮಿ ಅಕ್ಷರಗಳು ಬೆಳಕಿಗೆ ಬಂದವು. ಅಲ್ಲಿಂದ ಸ್ವಲ್ಪ ದೂರದ ಕನಗನಹಳ್ಳಿಯಲ್ಲಿ 1990ರ ದಶಕದಲ್ಲಿ ಪುರಾತತ್ವ ಇಲಾಖೆ ಅಗೆದಾಗ ದೊಡ್ಡ ಸ್ತೂಪವೇ ಸಿಕ್ಕಿತು. ಜೊತೆಗೆ, ಹೆಸರು ಕೆತ್ತಿದ ಅಶೋಕನ ಶಿಲ್ಪವೂ ಸಿಕ್ಕಿತು. ಇಷ್ಟನ್ನು ನಮ್ಮ ಭಾಗದ ಶಾಲೆಯ ಮಕ್ಕಳೂ ಹೇಳುತ್ತಾರೆ.

ನನ್ನ ಸಂಶೋಧನೆ ಅಶೋಕನ ಮೇಲಲ್ಲ. ಕಲಬುರಗಿ ಸೀಮೆಯ ಅಬಕಾರಿ ಚರಿತ್ರೆಯ ಮೇಲೆ. ಅಂದರೆ ಸೇಂದಿ, ಸಾರಾಯಿ, ಅವುಗಳ ಗುತ್ತಿಗೆ, ಸುಂಕ ಮತ್ತು ನಿಷೇಧದ ಕಥೆ. ಚಿತ್ತಾಪುರ, ಸೇಡಂ, ವಾಡಿ, ಶಹಾಬಾದ್ ಕಡೆ ತಿರುಗುವಾಗ ನನ್ನ ವಿಷಯ ಕೇಳಿದ ಹುಡುಗರು ಮೊದಲು ನಗುತ್ತಾರೆ. ಆಮೇಲೆ ಅವರ ಪ್ರಶ್ನೆ ಹೆಚ್ಚುಕಡಿಮೆ ಒಂದೇ. ‘ಅಶೋಕನ ಕಾಲದಾಗ ಕುಡಿಯೋದು ಬಂದ್ ಇತ್ತೇನ್ರಿ?’

ಇದಕ್ಕೆ ಉತ್ತರ ಹುಡುಕುತ್ತ ಹೋದಾಗ ನನಗೆ ಇನ್ನೊಂದು ಪ್ರಶ್ನೆ ಎದುರಾಯಿತು. ಅದನ್ನು ಯಾರೂ ಕೇಳುವುದಿಲ್ಲ. ಹತ್ತು ಮಂದಿ ಸೇರಿ ಕುಡಿಯುವಾಗ ಒಬ್ಬ ಬಿದ್ದರೆ, ಉಳಿದ ಒಂಬತ್ತು ಮಂದಿ ಏನು ಮಾಡಬೇಕು? ಬಿಡಬೇಕೋ ಬೇಡವೋ ಎಂಬ ಚರ್ಚೆಗೆ ಎರಡು ಸಾವಿರ ವರ್ಷಗಳ ಇತಿಹಾಸವಿದೆ. ಬಿದ್ದವನನ್ನು ಏನು ಮಾಡಬೇಕು ಎಂಬುದಕ್ಕೂ ಅಷ್ಟೇ ಹಳೆಯ ಇತಿಹಾಸವಿದೆ. ನಾವು ಮೊದಲನೆಯದನ್ನೇ ಮಾತಾಡುತ್ತ ಎರಡನೆಯದನ್ನು ಮರೆತಿದ್ದೇವೆ ಎಂಬುದು ಈ ಬರಹದ ವಾದ.

*

ಮೊದಲು ಹುಡುಗರ ಪ್ರಶ್ನೆಗೆ ಉತ್ತರ. ಇದುವರೆಗೆ ಸಿಕ್ಕಿರುವ ಅಶೋಕನ ಶಾಸನಗಳಲ್ಲಿ ಹೆಂಡ ನಿಷೇಧಿಸಿದ ಆಜ್ಞೆ ಇಲ್ಲ. ಯಾವ ಪ್ರಾಣಿಗಳನ್ನು ಕೊಲ್ಲಬಾರದು ಎಂದು ಪಟ್ಟಿ ಮಾಡಿ ಹೇಳಿದ ಅರಸ ಯಾವ ಪಾನೀಯ ಕುಡಿಯಬಾರದು ಎಂದು ಕೆತ್ತಿಸಲಿಲ್ಲ. ಆದರೆ ‘ಸಮಾಜ’ವನ್ನು ಕುರಿತು ಒಂದು ಮಾತಿದೆ. ಆ ಕಾಲದಲ್ಲಿ ಸಮಾಜ ಎಂದರೆ ಸೊಸೈಟಿ ಅಲ್ಲ. ಜನ ಕೂಡಿ ಹಾಡು, ಕುಣಿತ, ಕಾಳಗ, ಊಟ, ಕುಡಿತಗಳಲ್ಲಿ ತೊಡಗುವ ಮೋಜಿನ ಕೂಟ. ಇಂದಿನ ಭಾಷೆಯಲ್ಲಿ ಪಾರ್ಟಿ. ಅವನ ಮೊದಲನೆಯ ಬಂಡೆ ಶಾಸನ ಇಂಥ ಕೂಟಗಳನ್ನು ನಡೆಸಬೇಡಿ, ಅವುಗಳಲ್ಲಿ ಬಹಳ ದೋಷ ಕಾಣುತ್ತದೆ ಎಂದು ಹೇಳಿ, ಮರುಮಾತಿನಲ್ಲೇ ಕೆಲವು ಕೂಟಗಳು ಒಳ್ಳೆಯವು ಎಂದೂ ಸೇರಿಸುತ್ತದೆ. ಈ ಶಾಸನ ಸನ್ನತಿಯಲ್ಲಿ ಇಲ್ಲ. ಆಂಧ್ರದ ಕರ್ನೂಲು ಸೀಮೆಯ ಎರ್ರಗುಡಿಯಲ್ಲಿದೆ. ಸನ್ನತಿಯಲ್ಲಿ ಇರುವುದು 12 ಮತ್ತು 14ನೇ ಬಂಡೆ ಶಾಸನಗಳು, ಮತ್ತೆ ಕಳಿಂಗದ ಧೌಲಿ, ಜೌಗಡಗಳಲ್ಲಿ ಮಾತ್ರ ಕಂಡಿದ್ದ ಎರಡು ಪ್ರತ್ಯೇಕ ಶಾಸನಗಳು.

ಇನ್ನೂ ಕುತೂಹಲದ್ದು, ಈಗ ದೆಹಲಿಯಲ್ಲಿರುವ ತೋಪ್ರಾ ಕಂಬದ ಏಳನೆಯ ಶಾಸನ. ಆಳ್ವಿಕೆಯ ಕೊನೆಕೊನೆಗೆ ಹಿಂತಿರುಗಿ ನೋಡುವ ಅಶೋಕ, ಜನರಲ್ಲಿ ಧಮ್ಮ ಬೆಳೆದದ್ದು ಎರಡು ದಾರಿಗಳಿಂದ ಎನ್ನುತ್ತಾನೆ. ಒಂದು ಕಟ್ಟುಪಾಡು, ಇನ್ನೊಂದು ಮನವೊಲಿಕೆ. ಇವೆರಡರಲ್ಲಿ ಕಟ್ಟುಪಾಡಿನಿಂದ ಆದದ್ದು ಕಡಿಮೆ, ಮನವೊಲಿಕೆಯಿಂದ ಆದದ್ದೇ ಹೆಚ್ಚು ಎಂಬುದು ಅವನ ತೀರ್ಮಾನ. ನಿಷೇಧಗಳನ್ನು ಹೊರಡಿಸಿದ ದೊರೆಯೇ ನಿಷೇಧಕ್ಕೆ ಕೊಟ್ಟ ಕಡಿಮೆ ಅಂಕ ಇದು.

*

ಕನಗನಹಳ್ಳಿಯ ಸ್ತೂಪಕ್ಕೆ ಬರುತ್ತಿದ್ದ ಉಪಾಸಕರಿಗೆ ಕುಡಿತದ ಬಗ್ಗೆ ಬೇರೆ ದಾರಿಯಿಂದಲೂ ಗೊತ್ತಿತ್ತು. ಬೌದ್ಧರ ಪಂಚಶೀಲದಲ್ಲಿ ಐದನೆಯದು ಮದ್ಯದಿಂದ ದೂರವಿರುವುದು. ಆ ಶೀಲದ ಮಾತಿನಲ್ಲಿ ಹೆಂಡವನ್ನು ಪಾಪ ಎಂದು ಕರೆದಿಲ್ಲ, ‘ಪಮಾದ’ಕ್ಕೆ ಎಡೆ ಎಂದು ಕರೆದಿದೆ. ಸಂಸ್ಕೃತದ ಪ್ರಮಾದ. ಇಂದಿನ ಕನ್ನಡದಲ್ಲಿ ಪ್ರಮಾದ ಎಂದರೆ ದೊಡ್ಡ ತಪ್ಪು. ಪಾಲಿಯಲ್ಲಿ ಅದು ಎಚ್ಚರ ತಪ್ಪುವುದು, ಮೈಮರೆಯುವುದು. ಅಂದರೆ ಬೌದ್ಧರು ಆಕ್ಷೇಪಿಸಿದ್ದು ಕುಡಿದವನ ಮೈಮೇಲಿನ ಕಾವಲು ಕಳಚಿಬೀಳುತ್ತದೆ ಎಂಬ ಕಾರಣಕ್ಕೆ.

ಈ ನಿಯಮ ಭಿಕ್ಷುಗಳಿಗೆ ಹೇಗೆ ಬಂತು ಎಂಬುದಕ್ಕೆ ವಿನಯಪಿಟಕದಲ್ಲಿ ಒಂದು ಕಥೆಯಿದೆ. ಸಾಗತ ಎಂಬ ಭಿಕ್ಷು ಒಂದು ಉಗ್ರ ನಾಗನನ್ನು ಪಳಗಿಸಿ ಹೆಸರಾದ. ಸಂತೋಷಗೊಂಡ ಕೌಶಾಂಬಿಯ ಜನ ಮನೆಮನೆಯಲ್ಲಿ ಮದ್ಯ ಸಿದ್ಧ ಮಾಡಿ, ಭಿಕ್ಷೆಗೆ ಬಂದವನಿಗೆ ಕೊಟ್ಟರು. ಒಬ್ಬೊಬ್ಬರ ಪ್ರೀತಿಯನ್ನೂ ಸ್ವೀಕರಿಸುತ್ತ ಹೋದ ಸಾಗತ ಊರ ಬಾಗಿಲಲ್ಲಿ ಬಿದ್ದುಬಿಟ್ಟ. ಅದೇ ಹೊತ್ತಿಗೆ ಭಿಕ್ಷುಗಳೊಡನೆ ಊರಿನಿಂದ ಹೊರಟ ಬುದ್ಧ ಅವನನ್ನು ಕಂಡ. ಮೊದಲು ಮಾಡಿದ್ದು, ಇವನನ್ನು ಎತ್ತಿಕೊಳ್ಳಿ ಎಂದು ಜೊತೆಯವರಿಗೆ ಹೇಳಿದ್ದು. ಅವರು ವಿಹಾರಕ್ಕೆ ಹೊತ್ತು ತಂದು, ಬುದ್ಧನ ಕಡೆಗೆ ತಲೆ ಬರುವಂತೆ ಮಲಗಿಸಿದರು. ಸಾಗತ ಹೊರಳಿ ಅವನ ಕಡೆಗೇ ಕಾಲು ಚಾಚಿದ. ಆಗ ಬುದ್ಧ ಉಳಿದವರನ್ನು ಕೇಳಿದ. ಇವನು ಮೊದಲು ಗೌರವ ತೋರುತ್ತಿದ್ದನಲ್ಲವೇ? ನಾಗನನ್ನು ಪಳಗಿಸಿದವನು ಈಗ ಒಂದು ನೀರುಹಾವನ್ನಾದರೂ ಪಳಗಿಸಬಲ್ಲನೇ? ಆಮೇಲೆ ಮದ್ಯದ ನಿಯಮ ಬಂತು.

ಈ ಕಥೆಯನ್ನು ಹೇಳುವವರೆಲ್ಲ ಕೊನೆಯ ನಿಯಮಕ್ಕೆ ಒತ್ತು ಕೊಡುತ್ತಾರೆ. ನನಗೆ ಮುಖ್ಯ ಅನ್ನಿಸಿದ್ದು ಘಟನೆಗಳ ಕ್ರಮ. ಮೊದಲು ಎತ್ತಿದರು, ಆಮೇಲೆ ಮಲಗಿಸಿದರು, ಆಮೇಲೆ ಮಾತು, ಕೊನೆಗೆ ನಿಯಮ. ಬಾಗಿಲಲ್ಲಿ ಬಿದ್ದವನ ಮುಂದೆ ನಿಂತು ಯಾರೂ ಉಪದೇಶ ಮಾಡಲಿಲ್ಲ.

ದೀಘನಿಕಾಯದ ಸಿಗಾಲೋವಾದ ಸುತ್ತದಲ್ಲಿ ಇದೇ ವಿಷಯ ಒಬ್ಬ ತರುಣನಿಗೆ ನೇರವಾಗಿ ಹೇಳಿದಂತಿದೆ. ಸಿಗಾಲ ಎಂಬ ಗೃಹಸ್ಥನ ಮಗನಿಗೆ ಬುದ್ಧ ಕುಡಿತದ ಆರು ಕೇಡುಗಳನ್ನು ಎಣಿಸುತ್ತಾನೆ. ಹಣ ಹೋಗುವುದು, ಜಗಳ, ರೋಗ, ಅಪಕೀರ್ತಿ, ಮಾನ ಮುಚ್ಚಿಕೊಳ್ಳಲಾಗದಿರುವುದು, ಬುದ್ಧಿ ಮಂಕಾಗುವುದು. ಎಲ್ಲವೂ ಈ ಲೋಕದ ಲೆಕ್ಕಗಳೇ. ನರಕದ ಹೆದರಿಕೆ ಇಲ್ಲ. ಅದೇ ಉಪದೇಶದಲ್ಲಿ ಮುಂದೆ ಗೆಳೆಯರ ವಿಂಗಡಣೆ ಬರುತ್ತದೆ. ಕುಡಿಯುವಾಗ ಮಾತ್ರ ಜೊತೆಗಿರುವವನು ಗೆಳೆಯನ ವೇಷದವನು. ನಿಜವಾದ ನೆರವಿನ ಗೆಳೆಯನಿಗೆ ನಾಲ್ಕು ಲಕ್ಷಣಗಳಿವೆ. ನೀನು ಮೈಮರೆತಾಗ ನಿನ್ನನ್ನು ಕಾಯುತ್ತಾನೆ, ನೀನು ಮೈಮರೆತಾಗ ನಿನ್ನ ಒಡವೆ ವಸ್ತು ಕಾಯುತ್ತಾನೆ, ಹೆದರಿದಾಗ ಆಸರೆಯಾಗುತ್ತಾನೆ, ಬೇಕಾದ ಹೊತ್ತಿಗೆ ಕೇಳಿದ್ದರ ಎರಡರಷ್ಟು ಕೊಡುತ್ತಾನೆ. ಇಲ್ಲಿ ಬಳಸಿದ ಪದವೂ ‘ಪಮತ್ತ’, ಅಂದರೆ ಪಮಾದಕ್ಕೆ ಒಳಗಾದವನು. ಕುಡಿಯಬೇಡ ಎಂದ ಉಪದೇಶವೇ, ಕುಡಿದು ಬಿದ್ದವನನ್ನು ಕಾಯುವವನಿಗೆ ಗೆಳೆಯ ಎಂಬ ಹೆಸರು ಕೊಟ್ಟಿದೆ. ಈ ಎರಡು ಮಾತುಗಳ ನಡುವೆ ವಿರೋಧ ಅವರಿಗೆ ಕಾಣಲಿಲ್ಲ.

*

ಧರ್ಮ ಹೀಗೆ ನೋಡುತ್ತಿದ್ದಾಗ ರಾಜ್ಯ ಬೇರೆ ರೀತಿ ನೋಡುತ್ತಿತ್ತು. ಕೌಟಿಲ್ಯನ ಅರ್ಥಶಾಸ್ತ್ರದ ಕಾಲದ ಬಗ್ಗೆ ವಿದ್ವಾಂಸರಲ್ಲಿ ಜಗಳವಿದೆ. ಮೌರ್ಯರ ಕಾಲದ್ದು ಎನ್ನುವವರಂತೆ ಕ್ರಿಸ್ತಶಕದ ಮೊದಲ ಶತಮಾನಗಳದ್ದು ಎನ್ನುವವರೂ ಇದ್ದಾರೆ. ಅದರ ಎರಡನೆಯ ಅಧಿಕರಣದಲ್ಲಿ ಸುರಾಧ್ಯಕ್ಷ ಎಂಬ ಅಧಿಕಾರಿಗೇ ಒಂದು ಅಧ್ಯಾಯವಿದೆ. ನನ್ನ ವಿಷಯದ ಮಟ್ಟಿಗೆ ಇದು ಅಬಕಾರಿ ಇಲಾಖೆಯ ಮೊದಲ ಕೈಪಿಡಿ. ಪಾನಶಾಲೆಯಲ್ಲಿ ಹಲವು ಕೋಣೆಗಳಿರಬೇಕು, ಮಲಗುವ ಮತ್ತು ಕೂರುವ ಜಾಗ ಬೇರೆಬೇರೆ ಇರಬೇಕು, ನೀರು ಇರಬೇಕು. ನಂಬಿಕಸ್ಥರಿಗೆ ಮಾತ್ರ ಸ್ವಲ್ಪ ಸ್ವಲ್ಪ ಹೊರಗೆ ಒಯ್ಯಲು ಕೊಡಬೇಕು. ಕುಡಿದು ಮಲಗಿದ ಗಿರಾಕಿಯ ಒಡವೆ, ಬಟ್ಟೆ, ಹಣ ಕಳೆದರೆ ಅಂಗಡಿಯವನೇ ಅದನ್ನು ತುಂಬಿಕೊಟ್ಟು, ಅಷ್ಟೇ ದಂಡವನ್ನೂ ತೆರಬೇಕು. ಹಬ್ಬ, ಸಮಾಜ, ಜಾತ್ರೆಗಳಲ್ಲಿ ನಾಲ್ಕು ದಿನ ಮದ್ಯ ತಯಾರಿಸಲು ಅನುಮತಿ.

ಮಾರಾಟಗಾರನ ಹೊಣೆ ಎಂಬ ಕಲ್ಪನೆ ಇಷ್ಟು ಹಳೆಯದು ಎಂಬುದು ಒಪ್ಪಬೇಕಾದ ಮಾತು. ಅದೇ ಅಧ್ಯಾಯದಲ್ಲಿ ಇನ್ನೊಂದು ನಿಯಮವೂ ಇದೆ. ಕೆಟ್ಟುಹೋದ ಮದ್ಯವನ್ನು ಅಲ್ಲಿ ಮಾರಬಾರದು. ದಾಸರಿಗೆ, ಕೂಲಿಯವರಿಗೆ ಸಂಬಳವಾಗಿ ಕೊಡಬಹುದು, ಇಲ್ಲವೇ ದನಕ್ಕೋ ಹಂದಿಗೋ ಹಾಕಬಹುದು. ಕೆಟ್ಟದ್ದು ಯಾರ ಹೊಟ್ಟೆ ಸೇರಬೇಕು ಎಂಬ ಲೆಕ್ಕಾಚಾರ ಆಗಲೇ ಬರವಣಿಗೆಯಲ್ಲಿದೆ. ಆಮೇಲಿನ ಚರಿತ್ರೆಯಲ್ಲಿ ಇದನ್ನು ಮತ್ತೆಮತ್ತೆ ನೋಡುತ್ತೇವೆ.

ನಮ್ಮ ಸೀಮೆಯಲ್ಲೇ ಮುಂದಕ್ಕೆ ಬಂದರೆ, ಸೇಡಂ ತಾಲೂಕಿನ ಮಳಖೇಡ ರಾಷ್ಟ್ರಕೂಟರ ಮಾನ್ಯಖೇಟವಾಗಿತ್ತು. ಅಲ್ಲಿನ ಆಸ್ಥಾನದಲ್ಲಿ ರಚಿತವಾದ ‘ಕವಿರಾಜಮಾರ್ಗ’ ದಂಡಿಯ ‘ಕಾವ್ಯಾದರ್ಶ’ವನ್ನು ಆಧರಿಸಿದ್ದು. ಮಹಾಕಾವ್ಯದಲ್ಲಿ ಏನೇನು ವರ್ಣಿಸಬೇಕು ಎಂಬ ದಂಡಿಯ ಪಟ್ಟಿಯಲ್ಲಿ ಸೂರ್ಯೋದಯ, ಜಲಕ್ರೀಡೆಗಳ ಜೊತೆ ಮಧುಪಾನವೂ ಇದೆ. ಪಂಪನ ‘ವಿಕ್ರಮಾರ್ಜುನ ವಿಜಯ’ದಲ್ಲಿ ಪಾನಗೋಷ್ಠಿಯ ವರ್ಣನೆ ಬಂದದ್ದು ಈ ಪರಂಪರೆಯಿಂದ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ ಅರಸನ ಕ್ರೀಡೆಗಳಲ್ಲಿ ಮದಿರಾಪಾನ ಕ್ರೀಡೆಯನ್ನೂ ಸೇರಿಸಿದೆ. ಕಾವ್ಯದ ಪಟ್ಟಿಯಲ್ಲಿ ಪಾರ್ಟಿಯ ಸಂಜೆಗೆ ಜಾಗವಿದೆ. ಮರುದಿನದ ಬೆಳಗಿಗೆ ಇಲ್ಲ. ಇಂದಿನ ಸಿನಿಮಾ ಹಾಡುಗಳಲ್ಲೂ ಹೆಚ್ಚುಕಡಿಮೆ ಇದೇ ಪದ್ಧತಿ.

ಅದೇ ಕಲ್ಯಾಣದಲ್ಲಿ, ಅದೇ ಶತಮಾನದಲ್ಲಿ, ಹೆಂಡದ ಮಾರಯ್ಯ ಎಂಬ ಶರಣನಿದ್ದ. ಹೆಂಡ ಮಾರುವುದು ಅವನ ಕಾಯಕ. ಧರ್ಮೇಶ್ವರಲಿಂಗ ಎಂಬ ಅಂಕಿತದ ಕೆಲವೇ ವಚನಗಳು ಅವನವು ಉಳಿದಿವೆ. ಅಂಗಡಿಗೆ ಬಂದವರಿಗೆ ಹೆಂಡದ ಕೇಡನ್ನು ತಿಳಿಹೇಳುತ್ತಿದ್ದ ಎಂಬುದು ಅವನ ಬಗ್ಗೆ ಶರಣ ಪರಂಪರೆ ಕಾಪಾಡಿಕೊಂಡ ನೆನಪು. ಅಂಗಡಿ ಮುಚ್ಚಿಸಲು ಬಂದವನಿಗಿಂತ ಗಡಿಗೆಯ ಪಕ್ಕದಲ್ಲೇ ಕೂತು ಮಾತಾಡುವವನ ಮಾತು ಕುಡಿಯುವವನ ಕಿವಿಗೆ ಹತ್ತಿರ. ಅಶೋಕ ಮನವೊಲಿಕೆ ಎಂದದ್ದರ ಕನ್ನಡದ ಉದಾಹರಣೆ ಇದು ಎಂದು ನನಗನ್ನಿಸುತ್ತದೆ.

*

ನಿಜಾಮರ ಆಡಳಿತಕ್ಕೆ ಬಂದಾಗ ನನ್ನ ಕಡತಗಳ ಕಾಲ ಶುರುವಾಗುತ್ತದೆ. 1316 ಫಸಲಿಯ, ಅಂದರೆ 1906–07ರ ಸುಮಾರಿನ ಹೈದರಾಬಾದ್ ಅಬಕಾರಿ ಕಾಯ್ದೆ ಈ ಸೀಮೆಯ ಈಚಲು ಮರಗಳನ್ನೂ ಭಟ್ಟಿಗಳನ್ನೂ ಸರ್ಕಾರದ ಲೆಕ್ಕಕ್ಕೆ ತಂದಿತು. ಗುತ್ತೇದಾರ ಎಂಬ ಪದ ಹರಾಜಿನ ಕಾಗದದಿಂದ ಮನೆತನದ ಹೆಸರಿನವರೆಗೆ ಬಂದದ್ದು ನಮ್ಮಲ್ಲಿ ಎಲ್ಲರಿಗೂ ಗೊತ್ತು. 1956ರಲ್ಲಿ ರಾಜ್ಯ ಒಂದಾದಾಗ ಮುಂಬಯಿ ಕಡೆಯಿಂದ ಬಂದ ಜಿಲ್ಲೆಗಳಲ್ಲಿ ಪಾನನಿಷೇಧವಿತ್ತು, ಹೈದರಾಬಾದಿನಿಂದ ಬಂದ ನಮ್ಮ ಜಿಲ್ಲೆಗಳಲ್ಲಿ ಗುತ್ತಿಗೆ ಇತ್ತು. 1965ರ ಅಬಕಾರಿ ಕಾಯ್ದೆ ಎಲ್ಲವನ್ನೂ ಒಂದೇ ನೊಗಕ್ಕೆ ಕಟ್ಟಿತು.

1981ರ ಜುಲೈನಲ್ಲಿ ಬೆಂಗಳೂರಿನಲ್ಲಿ ಕಳ್ಳಬಟ್ಟಿ ಕುಡಿದು 300ಕ್ಕೂ ಹೆಚ್ಚು ಮಂದಿ ಸತ್ತರು. ಕಾರಣ ಮಿಥೈಲ್ ಆಲ್ಕೋಹಾಲ್. 2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ನಿಷೇಧವಾಯಿತು. ಹೆಣ್ಣುಮಕ್ಕಳು ವರ್ಷಗಟ್ಟಲೆ ಬೀದಿಯಲ್ಲಿ ಕೂತು ಕೇಳಿದ್ದ ಬೇಡಿಕೆ ಅದು. ಅವರ ನೋವನ್ನು ಕಡಿಮೆ ಎನ್ನಲಾಗದು. ಆದರೆ ಒಂದು ವರ್ಷ ತುಂಬುವ ಮೊದಲೇ, 2008ರ ಮೇ ತಿಂಗಳಲ್ಲಿ, ಬೆಂಗಳೂರಿನ ಹೊರವಲಯ, ಕೋಲಾರ ಮತ್ತು ತಮಿಳುನಾಡಿನ ಕೃಷ್ಣಗಿರಿ ಕಡೆ ವಿಷಮದ್ಯಕ್ಕೆ 150ಕ್ಕೂ ಹೆಚ್ಚು ಜನ ಬಲಿಯಾದರು. ಸತ್ತವರಲ್ಲಿ ಹೆಚ್ಚಿನವರು ಕೂಲಿಯವರು. ಅರ್ಥಶಾಸ್ತ್ರದ ಆ ನಿಯಮ ಇಲ್ಲಿ ನೆನಪಾಗದೆ ಇರದು.

ನಮ್ಮ ಕಡೆಯ ಕಥೆ ಸೇಂದಿಯದು. ಈಚಲು ಮರದಿಂದ ಇಳಿಸಿ ಹುಳಿ ಬಂದ ಸೇಂದಿಯಲ್ಲಿ ಆಲ್ಕೋಹಾಲ್ ಶೇಕಡ 4–5ರ ಆಸುಪಾಸು. ಮರಗಳು ಕಡಿಮೆಯಾದವು, ಬೇಡಿಕೆ ಉಳಿಯಿತು. ಆ ಸಂದಿಯಲ್ಲಿ ಬಂದದ್ದು ಸಿ.ಎಚ್. ಪೌಡರ್. ಅದರ ಪೂರ್ಣ ಹೆಸರು ಕ್ಲೋರಲ್ ಹೈಡ್ರೇಟ್. ಹತ್ತೊಂಬತ್ತನೆಯ ಶತಮಾನದಲ್ಲಿ ಯುರೋಪಿನ ವೈದ್ಯರು ನಿದ್ದೆ ಬರಿಸಲು ಕೊಡುತ್ತಿದ್ದ ಔಷಧ. 1903ರಲ್ಲಿ ಶಿಕಾಗೋದ ಮಿಕ್ಕಿ ಫಿನ್ ಎಂಬ ಬಾರ್ ಮಾಲೀಕನ ಮೇಲೆ ಗಿರಾಕಿಗಳಿಗೆ ಮತ್ತಿನ ಔಷಧ ಬೆರೆಸಿ ದೋಚುತ್ತಿದ್ದ ಆರೋಪ ಬಂದು, ಅವನ ಹೆಸರೇ ಇಂಥ ಬೆರಕೆಗೆ ನಿಂತಿತು. ಅದೇ ಪುಡಿ ರಾಯಚೂರು, ಯಾದಗಿರಿ, ಕಲಬುರಗಿ ಮತ್ತು ತೆಲಂಗಾಣದ ಗಡಿಯಲ್ಲಿ ನೀರಿಗೆ ಬಿದ್ದು ಸೇಂದಿಯ ಹೆಸರಿನಲ್ಲಿ ಮಾರಾಟವಾಯಿತು. ಜೊತೆಗೆ ಅಲ್ಪ್ರಜೋಲಾಮ್, ಡಯಾಜಿಪಾಮ್‌ನಂಥ ನಿದ್ರೆ ಔಷಧಗಳೂ ಬಂದವು.

2015ರಲ್ಲಿ ತೆಲಂಗಾಣ ಸರ್ಕಾರ ಇಂಥ ಬೆರಕೆ ಸೇಂದಿಯ ಮೇಲೆ ದಾಳಿ ಮಾಡಿ ಸರಬರಾಜು ನಿಲ್ಲಿಸಿತು. ಮಾಡಿದ್ದು ಸರಿಯೇ. ಆದರೆ ಅದಕ್ಕೆ ಒಗ್ಗಿಹೋಗಿದ್ದ ಜನ ಮೂರ್ಛೆ, ಭ್ರಮೆ, ನಡುಕ ಬಂದು ಆಸ್ಪತ್ರೆಗಳಿಗೆ ಬರತೊಡಗಿದರು. ನಿದ್ರೆ ಔಷಧಗಳನ್ನೂ ಹೆಚ್ಚು ಕಾಲದ ಕುಡಿತವನ್ನೂ ಥಟ್ಟನೆ ಬಿಡಿಸಿದರೆ ದೇಹ ಹೀಗೆ ಎದುರುತಿರುಗುತ್ತದೆ; ಅದು ಜೀವಕ್ಕೇ ಎರವಾಗಬಹುದು. ಅಂಗಡಿ ಮುಚ್ಚುವ ದಿನವೇ ಆಸ್ಪತ್ರೆಯ ಬಾಗಿಲು ಅಗಲವಾಗಬೇಕಿತ್ತು. ಎತ್ತುವುದು ಮೊದಲು, ನಿಯಮ ಆಮೇಲೆ ಎಂಬ ಕ್ರಮ ಇಲ್ಲಿ ತಲೆಕೆಳಗಾಯಿತು.

*

ಈಗ ನನ್ನ ವಯಸ್ಸಿನವರ, ನನಗಿಂತ ಚಿಕ್ಕವರ ಮಾತು. ವಾಡಿ, ಶಹಾಬಾದ್, ಸೇಡಂ, ಮಳಖೇಡಗಳು ಸಿಮೆಂಟಿನ ಊರುಗಳು. ಪುಣೆ, ಹೈದರಾಬಾದ್, ಬೆಂಗಳೂರಿಗೆ ದುಡಿಯಲು ಹೋದ ಹುಡುಗರು ಜಾತ್ರೆಗೆ, ಮದುವೆಗೆ ಬರುತ್ತಾರೆ. ಧಾಬಾದಲ್ಲಿ, ಹೊಲದ ಕೊಟ್ಟಿಗೆಯಲ್ಲಿ, ಹೊಳೆ ದಂಡೆಯಲ್ಲಿ ಕೂಟ ನಡೆಯುತ್ತದೆ. ಊರ ದೊಡ್ಡವರ ಕಣ್ಣಿಗೆ ಬೀಳಬಾರದು ಎಂಬ ಕಾರಣಕ್ಕೇ ಇವು ದೂರದ, ಕತ್ತಲಿನ ಜಾಗಗಳು. ಅಪಾಯದ ಅರ್ಧ ಪಾಲು ಅಲ್ಲಿಯೇ ಇದೆ.

ಎಂ.ಎ. ಓದುವಾಗ ಗೆಳೆಯರ ಬಾಡಿಗೆ ಮನೆಯಲ್ಲಿ ಒಂದು ಹುಟ್ಟುಹಬ್ಬ ನಡೆಯಿತು. ಹುಟ್ಟುಹಬ್ಬದ ಹುಡುಗ ಹನ್ನೊಂದು ಗಂಟೆಗೆ ಕುಸಿದ. ಅವನನ್ನು ಅಂಗಾತ ಮಲಗಿಸಿ, ಮುಖಕ್ಕೆ ನೀರು ಎರಚಿ, ‘ಮಲಗಿ ಎದ್ರ ಸರಿ ಹೋಗ್ತದ’ ಎಂದು ಇಬ್ಬರು ಬಾಗಿಲು ಎಳೆಯುತ್ತಿದ್ದರು. ನರ್ಸಿಂಗ್ ಓದುತ್ತಿದ್ದ ಒಬ್ಬಳು ಒಳಗೆ ಹೋಗಿ ಅವನನ್ನು ಪಕ್ಕಕ್ಕೆ ಹೊರಳಿಸಿದಳು, ಬೆನ್ನ ಹಿಂದೆ ದಿಂಬು ಇಟ್ಟಳು, ಉಸಿರು ಎಣಿಸುತ್ತ ಕೂತಳು. ರಾತ್ರಿ ಎರಡು ಸಲ ಅವನು ಎಚ್ಚರವಿಲ್ಲದೆಯೇ ವಾಂತಿ ಮಾಡಿಕೊಂಡ. ಅಂಗಾತ ಇದ್ದಿದ್ದರೆ ಅದು ಶ್ವಾಸನಾಳಕ್ಕೆ ಇಳಿಯುತ್ತಿತ್ತು. ಬೆಳಿಗ್ಗೆ ಎದ್ದವನಿಗೆ ಏನೂ ನೆನಪಿರಲಿಲ್ಲ, ಚಹಾ ಕೇಳಿದ. ಅವಳು ಓದಿದ್ದು ಸಿಗಾಲೋವಾದವನ್ನಲ್ಲ, ಪ್ರಥಮ ಚಿಕಿತ್ಸೆಯ ಪಾಠವನ್ನು.

ಆ ಪಾಠ ಎಲ್ಲರಿಗೂ ಗೊತ್ತಿರಬೇಕಾದದ್ದು, ಮತ್ತು ಕಷ್ಟದ್ದಲ್ಲ. ನಮ್ಮಲ್ಲಿ ಮಾರುವ ವಿಸ್ಕಿ, ರಮ್‌ನಲ್ಲಿ ಆಲ್ಕೋಹಾಲ್ ಶೇಕಡ 42.8. ಒಂದು ಕ್ವಾರ್ಟರ್, ಅಂದರೆ 180 ಎಂ.ಎಲ್., ಎಂದರೆ ಸುಮಾರು 60 ಗ್ರಾಂ ಶುದ್ಧ ಆಲ್ಕೋಹಾಲ್. ಯಕೃತ್ತು ಗಂಟೆಗೆ ಹೆಚ್ಚುಕಡಿಮೆ 7ರಿಂದ 10 ಗ್ರಾಂ ಕರಗಿಸುತ್ತದೆ. ಒಂದು ಕ್ವಾರ್ಟರಿಗೆ ಆರರಿಂದ ಒಂಬತ್ತು ಗಂಟೆಯ ಕೆಲಸ. ನಿಂಬೆರಸ, ಮಜ್ಜಿಗೆ, ಕಾಫಿ, ತಣ್ಣೀರು ಯಾವುದೂ ಆ ಗಡಿಯಾರವನ್ನು ಓಡಿಸುವುದಿಲ್ಲ. ಕೊನೆಯ ಗ್ಲಾಸು ಇಳಿಸಿದ ಮೇಲೂ ಹೊಟ್ಟೆಯಲ್ಲಿದ್ದದ್ದು ರಕ್ತಕ್ಕೆ ಏರುತ್ತಲೇ ಇರುತ್ತದೆ. ಆದ್ದರಿಂದ ಮಲಗಿದವನು ಸುಧಾರಿಸುತ್ತಿದ್ದಾನೆ ಎಂದು ನಂಬಬಾರದು, ಹದಗೆಡುತ್ತಲೂ ಇರಬಹುದು. ಪಂದ್ಯ ಕಟ್ಟಿ ಒಂದೇ ಗುಟುಕಿಗೆ ಇಳಿಸುವುದು ಏಕೆ ಕೊಲ್ಲುತ್ತದೆ ಎಂಬುದಕ್ಕೂ ಇದೇ ಉತ್ತರ.

ಕೂಗಿ ಅಲುಗಿಸಿದರೂ ಏಳದಿದ್ದರೆ, ಉಸಿರು ನಿಮಿಷಕ್ಕೆ ಎಂಟಕ್ಕಿಂತ ಕಡಿಮೆಯಾದರೆ ಇಲ್ಲವೇ ಉಸಿರುಗಳ ನಡುವೆ ಹತ್ತು ಸೆಕೆಂಡಿಗಿಂತ ಹೆಚ್ಚು ಅಂತರ ಬಿದ್ದರೆ, ತುಟಿ ನೀಲಿಯಾದರೆ, ಮೈ ತಣ್ಣಗಾದರೆ, ಫಿಟ್ಸ್ ಬಂದರೆ ಅದು ಅಮಲಲ್ಲ, ವಿಷ. ಕಾಯದೆ 108ಕ್ಕೆ ಕರೆ ಮಾಡಬೇಕು. ವಾಂತಿ ಮಾಡಿಸಲು ಗಂಟಲಿಗೆ ಬೆರಳು ಹಾಕಬಾರದು, ಎಚ್ಚರವಿಲ್ಲದವನ ಬಾಯಿಗೆ ಏನೂ ಹೊಯ್ಯಬಾರದು. ಪಕ್ಕಕ್ಕೆ ಮಲಗಿಸಿ, ಒಬ್ಬರಾದರೂ ಪಕ್ಕದಲ್ಲೇ ಇರಬೇಕು. ಮದ್ಯದ ಜೊತೆ ನಿದ್ರೆ ಮಾತ್ರೆ, ಬೆರಕೆ ಸೇಂದಿ, ನೋವಿನ ಮತ್ತಿನ ಔಷಧ ಸೇರಿದರೆ ಪ್ರತಿಯೊಂದೂ ಉಸಿರನ್ನು ನಿಧಾನ ಮಾಡುತ್ತದೆ. ಎಲ್ಲ ಕೂಡಿ ನಿಲ್ಲಿಸಿಯೂಬಿಡಬಹುದು. ಏನೇನು ಸೇರಿದೆ ಎಂದು ವೈದ್ಯರಿಗೆ ನಿಜ ಹೇಳುವುದು ಜೀವ ಉಳಿಸುವ ಮಾತು. ಮರುದಿನ ಕಣ್ಣು ಮಂಜಾಗಿ, ಎಲ್ಲ ಬೆಳ್ಳಗೆ ಕಂಡು, ಹೊಟ್ಟೆ ನೋವು ಬಂದರೆ ಅದನ್ನು ಹ್ಯಾಂಗೋವರ್ ಎಂದು ತಳ್ಳಿಹಾಕುವಂತಿಲ್ಲ. ಮಿಥೈಲ್ ಆಲ್ಕೋಹಾಲ್ ಹೀಗೆ ತಡವಾಗಿ, ಎಷ್ಟೋ ಸಲ 12ರಿಂದ 24 ಗಂಟೆಗಳ ಮೇಲೆ, ಮುಖ ತೋರಿಸುತ್ತದೆ. ಬೇಗ ಬಂದರೆ ಚಿಕಿತ್ಸೆ ಇದೆ. ಕುಡಿದ ಮೇಲೆ ಹೊಳೆಗೆ ಇಳಿಯುವುದು ಬೇಡ. ಬೈಕಿನ ಕೀಲಿ ಕುಡಿಯದವನ ಜೇಬಿನಲ್ಲಿರಲಿ. ಕಾನೂನಿನ ಮಿತಿ 100 ಎಂ.ಎಲ್. ರಕ್ತಕ್ಕೆ 30 ಮಿಲಿಗ್ರಾಂ, ಸಿಮೆಂಟು ಲಾರಿಗೆ ಯಾವ ಮಿತಿಯೂ ತಿಳಿಯದು.

*

ಇಷ್ಟೆಲ್ಲ ಗೊತ್ತಿದ್ದೂ ಕರೆ ಮಾಡದೆ ಇರಲು ಒಂದು ಕಾರಣವಿದೆ. ಹೆದರಿಕೆ. ಮನೆಯವರಿಗೆ ತಿಳಿದರೆ? ಕಾಲೇಜಿನವರು ಹೊರಹಾಕಿದರೆ? ಪೊಲೀಸರು ಬಂದರೆ? ಹುಡುಗಿಯರು ಕೂಟದಲ್ಲಿದ್ದರೆ ಈ ಹೆದರಿಕೆ ನೂರು ಪಟ್ಟು. ಕರ್ನಾಟಕದಲ್ಲಿ ಮದ್ಯ ಕೊಳ್ಳುವ ವಯಸ್ಸನ್ನು 21ರಿಂದ 18ಕ್ಕೆ ಇಳಿಸುವ ಕರಡು 2023ರ ಜನವರಿಯಲ್ಲಿ ಬಂದು, ವಿರೋಧದ ನಂತರ ಹಿಂದಕ್ಕೆ ಹೋಯಿತು. ಚರ್ಚೆ ಪೂರ್ತಿ ವಯಸ್ಸಿನ ಸುತ್ತ ನಡೆಯಿತು. ಹತ್ತೊಂಬತ್ತರ ಹುಡುಗ ಕುಡಿದು ಬಿದ್ದಾಗ ಅವನ ಗೆಳೆಯ ಹೆದರದೆ ಫೋನ್ ಮಾಡುವುದು ಹೇಗೆ ಎಂಬುದು ಆ ಚರ್ಚೆಯ ನಡುವಿಗೆ ಬರಲೇ ಇಲ್ಲ.

ಕಾನೂನಿನಲ್ಲಿ ಕೆಲವು ಕಿಟಕಿಗಳಿವೆ. 1985ರ ಮಾದಕವಸ್ತು ಕಾಯ್ದೆಯ 64ಎ ಕಲಮು, ಸಣ್ಣ ಪ್ರಮಾಣದ ಪ್ರಕರಣದಲ್ಲಿ ವ್ಯಸನಿಯೊಬ್ಬ ತಾನಾಗಿ ಬಂದು ಸರ್ಕಾರ ನಡೆಸುವ ಅಥವಾ ಮಾನ್ಯ ಮಾಡಿದ ಕಡೆ ಚಿಕಿತ್ಸೆ ಪೂರೈಸಿದರೆ ಅವನನ್ನು ಮೊಕದ್ದಮೆಯಿಂದ ಬಿಡುತ್ತದೆ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿದ 134ಎ ಕಲಮು, ರಸ್ತೆ ಅಪಘಾತದಲ್ಲಿ ನೆರವಿಗೆ ಬಂದವನನ್ನು ಕಾಪಾಡುತ್ತದೆ. ವ್ಯಸನದ ನೆರವಿಗೆ 14446, ಮನಸ್ಸಿನ ನೆರವಿಗೆ 14416 ಎಂಬ ಸಹಾಯವಾಣಿಗಳಿವೆ. ಪಾರ್ಟಿಯಲ್ಲಿ ಬಿದ್ದ ಗೆಳೆಯನಿಗಾಗಿ ಆಂಬುಲೆನ್ಸ್ ಕರೆಯುವವನಿಗೂ ಇಂಥದೇ ಸ್ಪಷ್ಟ ಅಭಯ ಬೇಕು. ಅಮೆರಿಕದ ಹಲವು ರಾಜ್ಯಗಳು ಇದನ್ನು ಕಾನೂನಾಗಿಯೇ ಬರೆದಿವೆ. ನಮ್ಮ ಕಾಲೇಜುಗಳು ಕಾನೂನಿಗಾಗಿ ಕಾಯಬೇಕಿಲ್ಲ. ‘ನೆರವಿಗೆ ಕರೆದವರ ಮೇಲೆ ಶಿಸ್ತುಕ್ರಮ ಇಲ್ಲ’ ಎಂದು ಸೂಚನಾ ಫಲಕದಲ್ಲಿ ಒಂದು ಸಾಲು ಬರೆದರೆ ಸಾಕು.

ಅಧಿಕಾರಿಗಳಿಗೆ ಇದನ್ನು ಹೇಳುವುದು ಹೊಸದೇನಲ್ಲ. ಸನ್ನತಿಯ ಕಲ್ಲಿನಲ್ಲಿ ಉಳಿದಿರುವ ಪ್ರತ್ಯೇಕ ಶಾಸನವನ್ನು ಧೌಲಿ, ಜೌಗಡದ ಪ್ರತಿಗಳ ನೆರವಿನಿಂದ ಓದಿದರೆ, ಅದು ಪ್ರಜೆಗಳಿಗೆ ಬರೆದದ್ದಲ್ಲ, ಮಹಾಮಾತ್ರರಿಗೆ, ಅಂದರೆ ಅಧಿಕಾರಿಗಳಿಗೆ ಬರೆದದ್ದು ಎಂದು ತಿಳಿಯುತ್ತದೆ. ಎಲ್ಲ ಮನುಷ್ಯರೂ ನನ್ನ ಮಕ್ಕಳು ಎಂದು ಶುರುಮಾಡುವ ಅರಸ, ಕಾರಣವಿಲ್ಲದೆ ಸೆರೆಯಾಗಿ ನರಳುವವರ ಮಾತೆತ್ತಿ, ಅಧಿಕಾರಿಗಳ ಕೈಕಟ್ಟುವ ದೋಷಗಳನ್ನು ಪಟ್ಟಿ ಮಾಡುತ್ತಾನೆ. ಅಸೂಯೆ, ಸಿಟ್ಟು, ಕ್ರೌರ್ಯ, ಆತುರ, ಅಭ್ಯಾಸದ ಕೊರತೆ, ಸೋಮಾರಿತನ, ದಣಿವು. ರಾತ್ರಿ ಎರಡು ಗಂಟೆಗೆ ಆಸ್ಪತ್ರೆಗೆ ಗೆಳೆಯನನ್ನು ಹೊತ್ತು ತಂದ ಹುಡುಗರು ಎದುರಿಸುವುದು ಈ ಏಳರಲ್ಲಿ ಯಾವುದನ್ನಾದರೂ ಇರಬಹುದು. ಕುಡಿದದ್ದಕ್ಕೆ ಬೈಯಲು ಬೆಳಗಿನ ಹೊತ್ತು ಇದೆ.

ನಾನು ಕುಡಿಯಿರಿ ಎನ್ನುತ್ತಿಲ್ಲ. ಕುಡಿಯದೆ ಇರುವುದೇ ಎಲ್ಲಕ್ಕಿಂತ ಕ್ಷೇಮ, ಇಪ್ಪತ್ತೊಂದರೊಳಗಿನವರಿಗಂತೂ ಬೇರೆ ಮಾತೇ ಇಲ್ಲ. ಕೂಟದಲ್ಲಿ ಬೇಡ ಎಂದವನನ್ನು ಛೇಡಿಸದಿರುವುದು ಗೆಳೆತನದ ಮೊದಲ ಪಾಠ. ಅಂದು ಕಾವಲಿಗೆ ಉಳಿಯುವವನು ಅವನೇ ಆಗಿರುತ್ತಾನೆ. ಆದರೆ ಈ ನೆಲದಲ್ಲಿ ಎಷ್ಟು ದೊರೆಗಳು, ಎಷ್ಟು ಸರ್ಕಾರಗಳು ಬೇಡ ಎಂದರೂ, ಬೇಕು ಎಂದರೂ, ಹುಡುಗರು ಕೂಡಿದ್ದಾರೆ, ಅವರಲ್ಲಿ ಕೆಲವರು ಬಿದ್ದಿದ್ದಾರೆ. ಮುಂದಿನ ಜಾತ್ರೆಗೂ ಕೂಡುತ್ತಾರೆ. ಅಂದು ಒಬ್ಬ ಕುಸಿದರೆ ಮೊದಲು ಅವನನ್ನು ಪಕ್ಕಕ್ಕೆ ಹೊರಳಿಸಿ, ಉಸಿರು ನೋಡಿ, 108ಕ್ಕೆ ಫೋನ್ ಮಾಡಿ, ಆಂಬುಲೆನ್ಸ್ ಬರುವವರೆಗೆ ಅಲ್ಲೇ ಕೂತಿರಿ.